ದೇವರನ್ನು ಸೃಷ್ಟಿಸಿದವರು ಯಾರು? ಈ ಪ್ರಶ್ನೆ ವಿದೇಶದ್ದಲ್ಲ, ನಮ್ಮ ಜಿನಸೇನರದ್ದು

ದೇವರನ್ನು ಸೃಷ್ಟಿಸಿದವರು ಯಾರು ಎಂದು ಕೇಳುವುದು ವಿದೇಶಿ ನಾಸ್ತಿಕರ ಚಾಳಿ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. 9ನೇ ಶತಮಾನದಲ್ಲೇ ಇದನ್ನು ಕೇಳಿದವರು ಜೈನ ಮುನಿ ಜಿನಸೇನಾಚಾರ್ಯರು. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೆ ಅವರು ಗುರು.

ತಮ್ಮ ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋಗಿದ್ದ ಜಯಧವಲಾ ವ್ಯಾಖ್ಯಾನವನ್ನು 837ರಲ್ಲಿ ಮುಗಿಸಿದ ಜಿನಸೇನರು, ಸಂಸ್ಕೃತದಲ್ಲಿ ಮಹಾಪುರಾಣವನ್ನೂ ಬರೆದರು. ಅದರಲ್ಲಿನ ವಾದವನ್ನು ನಾವು ಸರಳವಾಗಿ ಹೇಳುವುದಾದರೆ, ಎಲ್ಲಕ್ಕೂ ಕರ್ತೃ ಬೇಕೆಂದರೆ ಆ ಕರ್ತೃವಿಗೂ ಒಬ್ಬ ಬೇಕು, ಸರಪಳಿ ಮುಗಿಯುವುದಿಲ್ಲ. ಕರ್ತೃವಿಲ್ಲದೆ ದೇವರು ಇರಬಹುದಾದರೆ ಜಗತ್ತೂ ಇರಬಹುದು.

ಹುಟ್ಟಿದ್ದಕ್ಕೆ ಮಾತ್ರ ಕಾರಣ ಬೇಕು, ಅನಾದಿಯಾದ ದೇವರಿಗಲ್ಲ ಎಂಬುದು ನೈಯಾಯಿಕರ ಉತ್ತರ. ಜಿನಸೇನರಿಗೆ ಜಗತ್ತೇ ಅನಾದಿ.

ಹಾಗೆಂದು ಅವರು ಧರ್ಮ ಬಿಟ್ಟವರಲ್ಲ. ಮಧುಗಿರಿಯ ಮಲ್ಲಿನಾಥ ಬಸದಿಯಲ್ಲೂ ಪೂಜೆ ಲೋಕ ಸೃಷ್ಟಿಸಿದವನಿಗಲ್ಲ, ಕರ್ಮ ಗೆದ್ದ ತೀರ್ಥಂಕರನಿಗೆ. ಮಹಾಪುರಾಣ ಮುಗಿಯುವ ಮುನ್ನವೇ ಜಿನಸೇನರು ತೀರಿಕೊಂಡರು. ಶಿಷ್ಯ ಗುಣಭದ್ರರು ಪೂರ್ಣಗೊಳಿಸಿದರು. ಪ್ರಶ್ನೆ ಕೇಳುವುದು ಧರ್ಮದ್ರೋಹ ಎನ್ನುವ ಫಾರ್ವರ್ಡ್ ಬಂದರೆ, ಇದನ್ನು ಕಳಿಸಿ.