ಚಂಡಮಾರುತದ ಕಣ್ಣನ್ನು ಹೊಕ್ಕ ಜೋಸೆಫ್ ಡಕ್‌ವರ್ತ್

ಚಂಡಮಾರುತದ ಸುದ್ದಿ ಬಂದಾಗಲೆಲ್ಲ ಮುಂಬಯಿ, ಚೆನ್ನೈಗಳಲ್ಲಿ ನೆಲೆಸಿದ ನಾವು ಅದು ಎಲ್ಲಿ ದಡ ಮುಟ್ಟೀತು, ಎಷ್ಟು ಬಲಿತೀತು ಎಂಬ ಮುನ್ಸೂಚನೆಗಾಗಿ ಕಾಯುತ್ತೇವೆ. ಅಂಥ ಮುನ್ಸೂಚನೆಗೆ ಆಕಾಶಮಾರ್ಗ ತೆರೆದುಕೊಟ್ಟವರಲ್ಲಿ ಅಮೆರಿಕದ ಜೋಸೆಫ್ ಡಕ್‌ವರ್ತ್ ಅವರದು ಮೊದಲ ಹೆಸರು.

1902ರಲ್ಲಿ ಜನಿಸಿದ ಡಕ್‌ವರ್ತ್ ಅವರು ಈಸ್ಟರ್ನ್ ಏರ್‌ಲೈನ್ಸ್ ಸಂಸ್ಥೆಯಲ್ಲಿ ವಿಮಾನ ಚಾಲಕರಾಗಿದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಮರಳಿದರು. ಮೋಡ ಕವಿದು ಹೊರಗೇನೂ ಕಾಣದಿದ್ದಾಗ ಕೇವಲ ಉಪಕರಣಗಳನ್ನು ನಂಬಿ ವಿಮಾನ ನಡೆಸುವ ವಿದ್ಯೆಯನ್ನು ಟೆಕ್ಸಾಸ್‌ನ ಬ್ರಯಾನ್ ವಾಯುನೆಲೆಯಲ್ಲಿ ಕಲಿಸುತ್ತಿದ್ದರು.

1943ರ ಜುಲೈ 27ರಂದು ಗಾಲ್ವೆಸ್ಟನ್ ತೀರಕ್ಕೆ ಚಂಡಮಾರುತ ಅಪ್ಪಳಿಸಿತು. ತರಬೇತಿಗೆ ಬಂದಿದ್ದ ಬ್ರಿಟಿಷ್ ಚಾಲಕರು ಅಲ್ಲಿನ ಪುಟ್ಟ ವಿಮಾನಗಳನ್ನು ಗೇಲಿ ಮಾಡಿದರು. ಡಕ್‌ವರ್ತ್ ಪಣ ಕಟ್ಟಿದರು. ಮೇಲಧಿಕಾರಿಗಳ ಅನುಮತಿಯನ್ನೂ ಕೇಳದೆ, ರಾಲ್ಫ್ ಓಹೇರ್ ಎಂಬ ಮಾರ್ಗದರ್ಶಕನನ್ನು ಕೂಡಿಸಿಕೊಂಡು ಹೊರಟೇಬಿಟ್ಟರು. ಇದ್ದದ್ದು ಒಂದೇ ಎಂಜಿನ್. ಮಳೆನೀರಿಗೆ ಅದು ನಿಂತರೆ ಇಬ್ಬರೂ ಉಳಿಯುವಂತಿರಲಿಲ್ಲ. ವಿಮಾನ ತತ್ತರಿಸುತ್ತ ಸಾಗಿ, ಒಮ್ಮೆಲೇ ಪ್ರಶಾಂತವಾದ ಕಣ್ಣಿನೊಳಗೆ ಹೊಕ್ಕಿತು. ಕೆಳಗೆ ನೆಲ ಕಾಣಿಸಿತು. ಕ್ಷೇಮವಾಗಿ ಮರಳಿದೊಡನೆ ಅಲ್ಲಿನ ಹವಾಮಾನ ಅಧಿಕಾರಿ ತಾನೂ ನೋಡಬೇಕೆಂದರು. ಅದೇ ದಿನ ಅವರನ್ನು ಕರೆದುಕೊಂಡು ಮತ್ತೊಮ್ಮೆ ಹೋಗಿ ಬಂದರು! ಇದನ್ನು ದುಡುಕು ಎನ್ನುವವರನ್ನು ನಾವು ತಪ್ಪೆನ್ನಲಾರೆವು. ಆದರೆ ಮರುವರ್ಷದಿಂದಲೇ ಅಮೆರಿಕದ ಸೇನೆ ಚಂಡಮಾರುತಗಳೊಳಗೆ ವ್ಯವಸ್ಥಿತವಾಗಿ ವಿಮಾನ ಕಳಿಸತೊಡಗಿತು.

ಆ ಹಾರಾಟಗಳ ಬೆಲೆ ಇಂದು ಇನ್ನೂ ಹೆಚ್ಚಿದೆ. ಚಂಡಮಾರುತಕ್ಕೆ ಬಿಸಿಯಾದ ಕಡಲೇ ಆಹಾರ. ಅದರ ಗಾಳಿಯೋ ಕಡಲನ್ನು ಕಡೆದು ಆಳದ ತಣ್ಣೀರನ್ನು ಮೇಲೆತ್ತಿ ತನ್ನ ಬಲವನ್ನೇ ಕುಗ್ಗಿಸಿಕೊಳ್ಳುವುದುಂಟು. ಆದ್ದರಿಂದ ಗಾಳಿ, ಕಡಲುಗಳೆರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಬಂದಿವೆ. ಉಪಗ್ರಹಕ್ಕೆ ಕಡಲ ಮೇಲ್ಮೈಯ ಶಾಖ ತಿಳಿದೀತು, ಆಳದ್ದು ನೇರವಾಗಿ ತಿಳಿಯದು. ವಿಮಾನದಿಂದ ಬೀಳಿಸುವ ಒಂದು ಬಗೆಯ ಉಪಕರಣ ಇಳಿಯುತ್ತ ಗಾಳಿಯ ವೇಗ, ಒತ್ತಡ, ತೇವಾಂಶಗಳನ್ನು ತಿಳಿಸಿದರೆ, ಇನ್ನೊಂದು ಬಗೆಯದು ನೀರಿನೊಳಗೆ ಮುಳುಗುತ್ತ ಆಳದ ಶಾಖವನ್ನು ತಿಳಿಸುತ್ತದೆ. ಈ ಅಳತೆಗಳಿಂದಲೇ ಮಾದರಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ.

ನಮ್ಮ ಮುಂಬಯಿಗೂ ಈ ಕಥೆಯಲ್ಲಿ ಪಾಲಿದೆ. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಅಂಗವಾಗಿ 1963ರಲ್ಲಿ ಅಮೆರಿಕದ ಸಂಶೋಧನಾ ವಿಮಾನಗಳು ಇಲ್ಲಿಂದಲೇ ಅರಬ್ಬೀ ಸಮುದ್ರದ ಮೇಲೆ ಹಾರಿ, ಮುಂಗಾರು ಮಾರುತಗಳನ್ನು ಅಭ್ಯಸಿಸಿದವು. ಮರುವರ್ಷ, 1964ರಲ್ಲಿ, ಡಕ್‌ವರ್ತ್ ಅವರು ನಿಧನರಾದರು.