ಲೆಕ್ಕದ ಕಡತ ಬಿಟ್ಟು ಹೂಬುಟ್ಟಿ ಹಿಡಿದ ಹರಿಹರ

ಹಿರೇಹಡಗಲಿ: ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿರುವ ಕಲ್ಲೇಶ್ವರ ದೇವಾಲಯದ ಶಾಸನ ಕ್ರಿ.ಶ. 1057ರದು. ಕಲ್ಯಾಣ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಪ್ರಧಾನಿ ದೇಮರಸ ಈ ಗುಡಿಯನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ರಾಜ್ಯಭಾರದ ಹೊಣೆಯನ್ನು ಹೆಗಲ ಮೇಲಿರಿಸಿಕೊಂಡೇ ದೇವರ ಕೆಲಸವನ್ನೂ ಮಾಡಿ ಮುಗಿಸಿದ ಅಧಿಕಾರಿ ಆತ. ಇದೇ ನೆಲದ ಇನ್ನೊಂದು ಅಂಚಿನಲ್ಲಿ, ತುಂಗಭದ್ರೆಯ ಹರಿವಿನಗುಂಟ ಕೆಳಗೆ ಸಾಗಿದರೆ ಸಿಗುವ ಹಂಪಿಯಲ್ಲಿ, ಒಂದೂವರೆ ಶತಮಾನದ ತರುವಾಯ ಬಾಳಿದ ಮತ್ತೊಬ್ಬ ರಾಜಸೇವಕನಿಗೆ ಹಾಗೆ ಎರಡನ್ನೂ ನಿಭಾಯಿಸಲು ಸಾಧ್ಯವಾಗಲಿಲ್ಲ. ಅವನೇ ಕನ್ನಡದ ರಗಳೆಯ ಕವಿ, ಹಂಪೆಯ ಹರಿಹರ.

ಹರಿಹರನ ಕಾಲ ಹನ್ನೆರಡನೆಯ ಶತಮಾನದ ಕೊನೆ ಹಾಗೂ ಹದಿಮೂರನೆಯ ಶತಮಾನದ ಆರಂಭವೆಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಅಭಿಪ್ರಾಯ. ತಂದೆ ಮಹಾದೇವಭಟ್ಟ, ತಾಯಿ ಶರ್ವಾಣಿ, ತಂಗಿ ರುದ್ರಾಣಿ ಎಂದು ಪರಂಪರೆ ಹೇಳುತ್ತದೆ. ಮುಂದೆ ಹರಿಶ್ಚಂದ್ರ ಕಾವ್ಯವನ್ನು ಬರೆದ ರಾಘವಾಂಕ ಈ ರುದ್ರಾಣಿಯ ಮಗ. ಹರಿಹರನ ಬದುಕಿನ ಬಗೆಗೆ ನಮಗೆ ದೊರೆಯುವ ವಿವರಗಳಲ್ಲಿ ಬಹುಪಾಲು ಸಿದ್ಧನಂಜೇಶನ ರಾಘವಾಂಕ ಚರಿತ್ರೆಯಂತಹ ತೀರ ಈಚಿನ ಕಾವ್ಯಗಳಿಂದ ಬಂದವು. ಆದ್ದರಿಂದ ಅವುಗಳಲ್ಲಿ ಚರಿತ್ರೆಯೂ ಐತಿಹ್ಯವೂ ಬೆರೆತುಕೊಂಡಿವೆ.

ದೋರಸಮುದ್ರದ ಕರಣಿಕ

ಹಂಪೆಯ ವಿರೂಪಾಕ್ಷನನ್ನೇ ಮನೆದೇವರಾಗಿ, ಮನದೇವರಾಗಿ ನಂಬಿದ್ದ ಹರಿಹರ ಹೊಟ್ಟೆಪಾಡಿಗಾಗಿ ಊರು ಬಿಡಬೇಕಾಯಿತು. ಹೊಯ್ಸಳರ ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಅರಸನ ಆಸ್ಥಾನದ ಕರಣಿಕನಾಗಿ ಅವನು ಸೇರಿಕೊಂಡ. ಕರಣಿಕನೆಂದರೆ ರಾಜ್ಯದ ಆಯವ್ಯಯದ ಲೆಕ್ಕ ಬರೆಯುವವನು. ಹಂಪೆಗೂ ದೋರಸಮುದ್ರಕ್ಕೂ ನೇರ ಗೆರೆ ಎಳೆದರೂ 200 ಕಿಲೋಮೀಟರಿಗೂ ಹೆಚ್ಚಿನ ಅಂತರ. ಎತ್ತಿನ ಬಂಡಿಯ ಆ ಕಾಲದಲ್ಲಿ ಅದು ಅನೇಕ ದಿನಗಳ ಪ್ರಯಾಣ. ಬೇಕೆನಿಸಿದಾಗ ಹೋಗಿ ಸ್ವಾಮಿಯ ದರ್ಶನ ಪಡೆದು ಬರುವ ಅನುಕೂಲ ಅವನಿಗಿರಲಿಲ್ಲ.

ಕೈ ಲೆಕ್ಕ ಬರೆಯುತ್ತಿದ್ದರೂ ಅವನ ಮನಸ್ಸು ಹಂಪೆಯಲ್ಲಿಯೇ ಇರುತ್ತಿತ್ತೆಂದು ಐತಿಹ್ಯ ವರ್ಣಿಸುತ್ತದೆ. ಒಂದು ದಿನ ಕರಣಶಾಲೆಯಲ್ಲಿ ಕುಳಿತಿದ್ದವನು ಇದ್ದಕ್ಕಿದ್ದಂತೆ ಲೆಕ್ಕದ ಕಡತವನ್ನು ಎರಡೂ ಕೈಗಳಿಂದ ಉಜ್ಜತೊಡಗಿದನಂತೆ. ಕಡತವೆಂದರೆ ಬಟ್ಟೆಗೆ ಕಪ್ಪು ಲೇಪ ಕೊಟ್ಟು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಅದನ್ನು ಉಜ್ಜಿದರೆ ಬರೆದ ಲೆಕ್ಕವೆಲ್ಲ ಅಳಿಸಿಹೋಗುವುದು ಸಹಜ. ಅವನನ್ನು ಕಂಡರಾಗದವರು ಕೂಡಲೇ ಅರಸನಿಗೆ ದೂರು ಮುಟ್ಟಿಸಿದರು. ವಿಚಾರಿಸಿದಾಗ, ಹಂಪೆಯ ಗುಡಿಯಲ್ಲಿ ವಿರೂಪಾಕ್ಷನ ಮುಂದಿನ ತೆರೆಗೆ ಬೆಂಕಿ ತಗುಲಿತ್ತೆಂದೂ, ತಾನು ಅದನ್ನು ಆರಿಸಿದೆನೆಂದೂ ಹರಿಹರ ತಿಳಿಸಿದನಂತೆ. ಅರಸ ಆಳುಗಳನ್ನಟ್ಟಿ ಪರೀಕ್ಷಿಸಿದಾಗ ಅದೇ ದಿನ ಅದೇ ಹೊತ್ತಿಗೆ ಗುಡಿಯ ತೆರೆ ಹೊತ್ತಿ ಆರಿದ್ದು ನಿಜವೆಂದು ತಿಳಿಯಿತು. ಅರಸ ಗೌರವದಿಂದ ಅವನನ್ನು ಹಂಪೆಗೆ ಕಳುಹಿಸಿಕೊಟ್ಟ.

ಪವಾಡದ ಭಾಗವನ್ನು ಬದಿಗಿಟ್ಟು ನೋಡಿದರೂ ಈ ಕಥೆಯಲ್ಲಿ ಗಟ್ಟಿಯಾದ ಒಂದು ತಿರುಳಿದೆ. ಕಡತ ಕರಣಿಕನ ಸ್ವಂತ ಸೊತ್ತಲ್ಲ. ಅದರಲ್ಲಿರುವುದು ರೈತ ತೆತ್ತ ತೆರಿಗೆಯ ಲೆಕ್ಕ, ಸೈನಿಕನಿಗೆ ಸಲ್ಲಬೇಕಾದ ಸಂಬಳದ ಲೆಕ್ಕ. ಮನಸ್ಸು ಬೇರೆಡೆಗೆ ಹರಿದಾಗ ಹಾನಿಯಾಗುವುದು ಬರೆಯುವವನಿಗಷ್ಟೇ ಅಲ್ಲ. ತನ್ನ ಭಕ್ತಿ ತನ್ನ ಕೆಲಸವನ್ನು ಅಳಿಸುವ ಹಂತಕ್ಕೆ ಬಂದಾಗ ಹರಿಹರ ಹುದ್ದೆಯನ್ನು ಹಿಡಿದುಕೊಂಡು ಕೂರಲಿಲ್ಲ. ಸಂಬಳ, ಸ್ಥಾನಮಾನ, ಅರಸನ ಆಶ್ರಯ ಮೂರನ್ನೂ ತೊರೆದ. ಭಕ್ತಿಗೆ ಹೇಗೋ ಹಾಗೆಯೇ ಕಾಯಕಕ್ಕೂ ಅದು ಪ್ರಾಮಾಣಿಕವಾದ ನಿರ್ಧಾರವಾಗಿತ್ತು.

ಹೂವಿನ ದಿನಚರಿ

ಹಂಪೆಗೆ ಮರಳಿದ ಹರಿಹರ ಸುಮ್ಮನೆ ಕುಳಿತವನಲ್ಲ. ನಸುಕಿನಲ್ಲಿ ಎದ್ದು, ತೋಟಕ್ಕೆ ಹೋಗಿ, ಒಂದೊಂದು ಹೂವನ್ನೂ ನೋಯದಂತೆ ಬಿಡಿಸಿ, ಮಾಲೆ ಕಟ್ಟಿ ವಿರೂಪಾಕ್ಷನಿಗೆ ಮುಡಿಸುವ ಭಕ್ತನ ದಿನಚರಿಯನ್ನು ಅವನ ಪುಷ್ಪರಗಳೆ ಚಿತ್ರಿಸುತ್ತದೆ. ಹಡಗಲಿಯ ಮಲ್ಲಿಗೆ ಬೆಳೆಗಾರರಿಗೆ ಈ ವೇಳಾಪಟ್ಟಿ ಹೊಸದಲ್ಲ. ಅವರೂ ನಸುಕಿನಲ್ಲೇ ಮೊಗ್ಗು ಬಿಡಿಸುವವರು. ಹೂವಿನಹಡಗಲಿಯಿಂದ ನದಿಯ ಮೂಲಕ ವಿರೂಪಾಕ್ಷನ ಪೂಜೆಗೆ ಹೂವು ಸಾಗುತ್ತಿತ್ತು, ಊರಿಗೆ ಆ ಹೆಸರು ಅದರಿಂದಲೇ ಬಂತು ಎಂಬ ಪ್ರತೀತಿ ಈ ಭಾಗದಲ್ಲಿ ಇಂದಿಗೂ ಇದೆ.

ಪೂಜೆಯ ಜೊತೆಗೆ ಬರವಣಿಗೆಯೂ ಅವನ ನಿತ್ಯವ್ರತವಾಯಿತು. ಗಿರಿಜಾ ಕಲ್ಯಾಣವೆಂಬ ಚಂಪೂಕಾವ್ಯ, ಪಂಪಾಶತಕ, ರಕ್ಷಾಶತಕ, ಮುಡಿಗೆಯ ಅಷ್ಟಕಗಳಲ್ಲದೆ ಶಿವಶರಣರ ಬದುಕನ್ನು ಕುರಿತ ನೂರಕ್ಕೆ ಸಮೀಪದ ರಗಳೆಗಳು ಅವನ ಹೆಸರಿನಲ್ಲಿವೆ. ಬರಿಯ ರಗಳೆಯ ಕವಿಯೆಂದು ಪಂಡಿತರು ಹಳಿದಾಗ ಅವರ ಬಾಯಿ ಮುಚ್ಚಿಸಲು ಗಿರಿಜಾ ಕಲ್ಯಾಣವನ್ನು ಬರೆದನೆಂಬ ಕಥೆಯೂ ಇದೆ. ಅರಸರ ಸ್ತುತಿಯಲ್ಲಿ ಮುಳುಗಿದ್ದ ಕಾವ್ಯವನ್ನು ಸಾಮಾನ್ಯ ಜನರ ಮನೆಬಾಗಿಲಿಗೆ ತಂದುದು ಅವನ ದೊಡ್ಡ ಸಾಧನೆ.

ವಿಶೇಷವೆಂದರೆ ಹುದ್ದೆ ಬಿಟ್ಟ ಈ ಕವಿ ಮೆಚ್ಚಿ ಹಾಡಿದವರಲ್ಲಿ ಅನೇಕರು ಕೆಲಸ ಬಿಡದವರು. ಕುಂಬಾರ ಗುಂಡಯ್ಯ ಮಡಕೆ ತಟ್ಟುವುದನ್ನು ನಿಲ್ಲಿಸುವುದಿಲ್ಲ. ಆ ತಟ್ಟುವ ಸದ್ದಿಗೇ ಶಿವ ಇಳಿದು ಬಂದು ಕುಣಿಯುತ್ತಾನೆ. ಆದಯ್ಯ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದವನು. ಬೇಡ ಕಣ್ಣಪ್ಪನ ನೈವೇದ್ಯ ಅವನ ಬೇಟೆಯಿಂದಲೇ ಬರುತ್ತದೆ.

ಎದುರುಬದುರು ದಾರಿ

ಈ ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಬಸವರಾಜದೇವರ ರಗಳೆಯಲ್ಲಿ. ಕೂಡಲಸಂಗಮದಲ್ಲಿ ಪೂಜೆಯೊಳಗೆ ಮೈಮರೆತಿದ್ದ ಬಸವಣ್ಣನವರಿಗೆ ಸಂಗಮನಾಥ ಕನಸಿನಲ್ಲಿ ಬಂದು ಬಿಜ್ಜಳನ ಮಂಗಳವಾಡಕ್ಕೆ ಹೋಗೆಂದು ಆಜ್ಞಾಪಿಸುತ್ತಾನೆ. ದೇವರನ್ನಗಲಿ ಹೋಗಬೇಕಲ್ಲಾ ಎಂದು ಅವರು ಅತ್ತು ಕರೆದರೂ ಆಜ್ಞೆ ಬದಲಾಗುವುದಿಲ್ಲ. ಮಂಗಳವಾಡಕ್ಕೆ ಬಂದ ಅವರು ಭಂಡಾರದ ಕರಣಿಕರ ನಡುವೆ ಲೆಕ್ಕದ ಜಾಣ್ಮೆಯಿಂದಲೇ ಸ್ಥಾನ ಪಡೆದು ಮುಂದೆ ಭಂಡಾರಿಯಾಗುತ್ತಾರೆ. ಕರಣಶಾಲೆಯ ಒಳಹೊರಗನ್ನು ಬಲ್ಲ ಕವಿಯೇ ಈ ಭಾಗವನ್ನು ಬರೆದಿರುವುದು ಗಮನಾರ್ಹ.

ಹರಿಹರ ಕಚೇರಿಯಿಂದ ಹೊಳೆದಂಡೆಯ ಗುಡಿಗೆ ನಡೆದ. ಅವನ ಕಥಾನಾಯಕ ಹೊಳೆದಂಡೆಯ ಗುಡಿಯಿಂದ ಕಚೇರಿಗೆ ನಡೆದರು. ತಾನು ತುಳಿಯಲಾಗದ ದಾರಿಯನ್ನು ತುಳಿದವರನ್ನು ಕವಿ ಕಿರಿದಾಗಿಸಲಿಲ್ಲ, ತನ್ನ ದಾರಿಯೇ ಮೇಲೆಂದು ಸಾಧಿಸಲೂ ಇಲ್ಲ. ಅವನ ಸಮಕಾಲೀನನೆಂದು ಹೇಳಲಾಗುವ ಕೆರೆಯ ಪದ್ಮರಸನ ಬಾಳು ಮೂರನೆಯ ಬಗೆಯದು. ಹೊಯ್ಸಳರ ಮಂತ್ರಿಯಾಗಿ ಕೆರೆ ಕಟ್ಟಿಸಿ ಅದರಿಂದಲೇ ಹೆಸರಾದ ಆತ ದೀಕ್ಷಾಬೋಧೆಯನ್ನೂ ಬರೆದ ಶಿವಕವಿ.

ಆದರೆ ಒಂದು ವಿಷಯದಲ್ಲಿ ಹರಿಹರ ಕೊನೆಯವರೆಗೂ ಸಡಿಲಗೊಳ್ಳಲಿಲ್ಲ. ಶಿವನನ್ನು, ಶರಣರನ್ನು ಬಿಟ್ಟು ಮನುಷ್ಯರನ್ನು ಹೊಗಳಿ ಬರೆಯಬಾರದೆಂಬುದು ಅವನ ನೇಮ. ಸೋದರಳಿಯ ರಾಘವಾಂಕ ಹರಿಶ್ಚಂದ್ರನನ್ನು ಕುರಿತು ಕಾವ್ಯ ಬರೆದಾಗ ಮುನಿದು ಹೊಡೆದನೆಂದೂ, ರಾಘವಾಂಕನ ಐದು ಹಲ್ಲುಗಳು ಉದುರಿದುವೆಂದೂ, ಶಿವಶರಣರ ಕುರಿತು ಕಾವ್ಯಗಳನ್ನು ಬರೆದ ಮೇಲೆ ಅವು ಮರಳಿ ಬಂದುವೆಂದೂ ಕಥೆಯಿದೆ. ಇತರರ ಕಸುಬನ್ನು ಅಷ್ಟು ಉದಾರವಾಗಿ ಕಂಡ ಕವಿಗೆ ಸ್ವಂತ ಅಳಿಯನ ಕಸುಬಿನ ವಿಷಯದಲ್ಲಿ ಆ ಔದಾರ್ಯ ಸಾಲದೆ ಹೋಯಿತು. ಅದೇ ಹರಿಶ್ಚಂದ್ರ ಕಾವ್ಯ ಇಂದು ಕನ್ನಡದ ಮೇರುಕೃತಿಗಳಲ್ಲಿ ಒಂದು.

ಹಿರೇಹಡಗಲಿಯ ಕಲ್ಲೇಶ್ವರ ಗುಡಿಯೂ ಹಂಪೆಯ ವಿರೂಪಾಕ್ಷನ ಗುಡಿಯೂ ಈಗ ಒಂದೇ ವಿಜಯನಗರ ಜಿಲ್ಲೆಯಲ್ಲಿವೆ. ಅಧಿಕಾರದಲ್ಲಿದ್ದೇ ದೇವರ ಕೆಲಸ ಮಾಡಿದ ದೇಮರಸ ಒಂದೆಡೆ, ಎರಡೂ ಕೂಡದೆಂದು ತಿಳಿದಾಗ ಅಧಿಕಾರವನ್ನು ಬಿಟ್ಟುಕೊಟ್ಟ ಹರಿಹರ ಇನ್ನೊಂದೆಡೆ. ಎರಡರಲ್ಲಿ ಯಾವುದೂ ಎಲ್ಲರಿಗೂ ಹೊಂದುವ ದಾರಿಯಲ್ಲ. ಹಿಡಿದ ಕೆಲಸ ಕೆಡುತ್ತಿದೆಯೇ ಎಂಬುದನ್ನು ಮೊದಲು ತಾನೇ ಕಂಡುಕೊಳ್ಳಬೇಕೆಂಬುದು ಮಾತ್ರ ಅಳಿಸಿಹೋದ ಆ ಕಡತದಿಂದ ಎಲ್ಲರೂ ಕಲಿಯಬಹುದಾದ ಪಾಠ.