ಗೋದಲಿ ಕಟ್ಟಿದ ಬಟ್ಟೆ ವ್ಯಾಪಾರಿಯ ಮಗ

ಬಿಇ ಮುಗಿದ ಮೇಲೆ ಇಟಲಿಯಲ್ಲಿ ಓದಬೇಕೆಂಬ ಆಸೆಯಿಂದ ದಿನಕ್ಕೆ ಹತ್ತು ಇಟಾಲಿಯನ್ ಪದ ಕಲಿಯುತ್ತಿದ್ದೇನೆ. ಡಿಸೆಂಬರ್ ಬಂತೆಂದು ಹಬ್ಬದ ಪದಗಳನ್ನೇ ಹಿಡಿದೆ. ‘ನೇವೆ’ ಅಂದರೆ ಹಿಮ, ‘ಸ್ತೆಲ್ಲಾ’ ಅಂದರೆ ನಕ್ಷತ್ರ, ‘ನತಾಲೆ’ ಅಂದರೆ ಕ್ರಿಸ್‌ಮಸ್. ಬೆಳಿಗ್ಗೆ ಬಾಯಿಪಾಠ, ಸಂಜೆಗೆ ತಲೆ ಖಾಲಿ! ‘ಪ್ರೆಸೇಪೆ’ ಎಂಬ ಪದ ಮಾತ್ರ ಮರೆಯಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಚರ್ಚ್‌ಗಳಲ್ಲಿ ಗೋದಲಿ ಕಟ್ಟುತ್ತಾರಲ್ಲ, ಅದೇ ಇದು. ಮರೆಯದಿರಲು ಕಾರಣ ಎಂಟುನೂರು ವರ್ಷಗಳ ಹಿಂದಿನ ಒಬ್ಬ ಮನುಷ್ಯ, ಅಸಿಸಿಯ ಫ್ರಾನ್ಸಿಸ್.

ಆತ ಹುಟ್ಟಿದ್ದು 1182ರ ಸುಮಾರಿಗೆ, ಮಧ್ಯ ಇಟಲಿಯ ಅಸಿಸಿ ಪಟ್ಟಣದಲ್ಲಿ. ತಂದೆ ಪಿಯೆತ್ರೊ ಬೆರ್ನಾರ್ದೋನೆ ದೊಡ್ಡ ಬಟ್ಟೆ ವ್ಯಾಪಾರಿ. ಮಗುವಿಗೆ ಇಟ್ಟ ಹೆಸರು ಜೊವಾನ್ನಿ. ಆದರೆ ಫ್ರಾನ್ಸ್ ಜತೆ ವ್ಯಾಪಾರವಿದ್ದ ತಂದೆ ಫ್ರಾನ್ಚೆಸ್ಕೊ ಎಂದೇ ಕರೆದ. ಕೈತುಂಬ ದುಡ್ಡು, ಗೆಳೆಯರ ದಂಡು, ಹಾಡು, ಊಟ. ನಮ್ಮ ಕ್ಲಾಸಿನಲ್ಲೂ ಅಂಥವರು ಒಬ್ಬಿಬ್ಬರು ಇರುತ್ತಾರೆ.

ಇಪ್ಪತ್ತರ ವಯಸ್ಸಿನಲ್ಲಿ ಪಕ್ಕದ ಪೆರುಜಾ ಪಟ್ಟಣದ ಮೇಲೆ ಯುದ್ಧಕ್ಕೆ ಹೋಗಿ ಸೆರೆ ಸಿಕ್ಕ. ಸುಮಾರು ಒಂದು ವರ್ಷ ಜೈಲಿನಲ್ಲಿ ಕಳೆದು ಬಂದವನು ಕಾಯಿಲೆ ಬಿದ್ದ. ಎದ್ದ ಮೇಲೆ ಅಂಗಡಿ ರುಚಿಸಲಿಲ್ಲ. ಕುಷ್ಠರೋಗಿಗಳ ಸೇವೆಗೆ ಹೋದ. ಪಾಳುಬಿದ್ದ ಸಾನ್ ದಮಿಯಾನೊ ಚರ್ಚ್ ದುರಸ್ತಿಗೆಂದು ಅಂಗಡಿಯ ಬಟ್ಟೆಯನ್ನೇ ಮಾರಿಬಿಟ್ಟ. ತಂದೆ ಬಿಷಪ್‌ಗೆ ದೂರು ಕೊಟ್ಟ. ಆ ಸಿಟ್ಟಿನಲ್ಲೂ ನ್ಯಾಯವಿತ್ತು. ಮಗ ಎಲ್ಲರೆದುರು ಹಣ ಹಿಂದಿರುಗಿಸಿ, ತೊಟ್ಟ ಬಟ್ಟೆಯನ್ನೂ ಕಳಚಿಕೊಟ್ಟು ಮನೆಯ ಹಂಗು ಹರಿದುಕೊಂಡ. ಬ್ರಾಂಚ್ ಬದಲಿಸುತ್ತೇನೆ ಎಂದು ಅಪ್ಪನಿಗೆ ಹೇಳಲೂ ಹೆದರಿದ್ದ ನನಗೆ ಇದನ್ನು ಓದಿ ನಿದ್ದೆ ಬರಲಿಲ್ಲ.

ಬರಿಗಾಲಿನ ಆ ಯುವಕನ ಹಿಂದೆ ಕೆಲವರು ಬಂದರು. 1209ರಲ್ಲಿ ಪೋಪ್ ಮೂರನೇ ಇನೊಸೆಂಟ್ ಅವರ ಸಂಘಕ್ಕೆ ಒಪ್ಪಿಗೆ ಕೊಟ್ಟರು. 1219ರಲ್ಲಿ ಧರ್ಮಯುದ್ಧ ನಡೆಯುತ್ತಿರುವಾಗಲೇ ಆತ ಈಜಿಪ್ಟ್‌ಗೆ ಹೋಗಿ, ಆಯುಧವಿಲ್ಲದೆ ಸುಲ್ತಾನ್ ಅಲ್-ಕಾಮಿಲ್‌ನನ್ನು ಕಂಡು, ಜೀವಂತ ಮರಳಿದ.

1223ರ ಕ್ರಿಸ್‌ಮಸ್‌ಗೆ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿದ್ದ. ಚರ್ಚ್‌ನ ಪೂಜೆಯೆಲ್ಲ ಲ್ಯಾಟಿನ್‌ನಲ್ಲಿ. ಊರ ರೈತರಿಗೆ ಆ ಭಾಷೆ ಎಲ್ಲಿ ಅರ್ಥವಾಗಬೇಕು? ಯೇಸು ಹುಟ್ಟಿದ ಬಡತನ ಕಣ್ಣಿಗೆ ಕಾಣಬೇಕೆಂದು ಆತ ಮೇವಿನ ಗೋದಲಿ ಇರಿಸಿ, ಹುಲ್ಲು ಹಾಸಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ. ಜನ ಪಂಜು ಹಿಡಿದು ಬಂದರು. ಹುಲ್ಲು ‘ಫಿಯೆನೊ’, ಎತ್ತು ‘ಬೂಯೆ’, ಕತ್ತೆ ‘ಆಸಿನೊ’. ಪ್ರೆಸೇಪೆಯ ಮೂಲ ಅರ್ಥವೂ ದನ ಮೇವು ತಿನ್ನುವ ಜಾಗವೇ. ಇಂದು ಇಟಲಿಯ ಮನೆಮನೆಗಳಲ್ಲಿ ಕಟ್ಟುವ ಪ್ರೆಸೇಪೆಗೆ ಆ ರಾತ್ರಿಯೇ ಮೊದಲೆಂದು ನೆನೆಯುತ್ತಾರೆ.

ಕೊನೆಯ ವರ್ಷಗಳಲ್ಲಿ ಕಣ್ಣು ಬಹುತೇಕ ಹೋಯಿತು. ಆಗಲೇ ಸೂರ್ಯನನ್ನು ಅಣ್ಣನೆಂದೂ ನೀರನ್ನು ಅಕ್ಕನೆಂದೂ ಕರೆಯುವ ಸ್ತುತಿಗೀತೆ ಕಟ್ಟಿದ, ಲ್ಯಾಟಿನ್‌ನಲ್ಲಲ್ಲ, ತನ್ನ ಊರಿನ ಆಡುಮಾತಿನಲ್ಲಿ. ಇಟಾಲಿಯನ್ ಸಾಹಿತ್ಯದ ಮೊದಲ ರಚನೆಗಳಲ್ಲಿ ಅದೂ ಒಂದು. 1226ರ ಅಕ್ಟೋಬರ್ 3ರಂದು, ತನ್ನನ್ನು ಬರಿ ನೆಲದ ಮೇಲೆ ಮಲಗಿಸಲು ಕೇಳಿಕೊಂಡು ಕಣ್ಣುಮುಚ್ಚಿದ. ಎರಡೇ ವರ್ಷದಲ್ಲಿ ಚರ್ಚ್ ಆತನನ್ನು ಸಂತ ಎಂದು ಘೋಷಿಸಿತು.

ಆತನಂತೆ ಎಲ್ಲ ಬಿಟ್ಟು ಹೊರಡುವ ಧೈರ್ಯ ನನಗಿಲ್ಲ. ಆದರೆ ದೂರದ್ದನ್ನು ಹತ್ತಿರ ತರುವ ದಾರಿ ಅವನಿಂದ ಸಿಕ್ಕಿತು. ಉರುಹೊಡೆಯುವುದನ್ನು ಬಿಟ್ಟು ಅಜ್ಜಿಯ ಕೊಟ್ಟಿಗೆಯನ್ನು ನೆನೆಸಿಕೊಂಡೆ. ಅಲ್ಲಿ ಹುಲ್ಲಿದೆ, ಎತ್ತಿದೆ, ಗೋದಲಿಯೂ ಇದೆ. ಈಗ ಒಂದು ಪದವೂ ಮರೆಯುತ್ತಿಲ್ಲ. ಕತ್ತೆಯ ಜಾಗದಲ್ಲಿ ಮಾತ್ರ, ಬಾಯಿಪಾಠ ಮಾಡುತ್ತಿದ್ದ ನನ್ನನ್ನೇ ನಿಲ್ಲಿಸಿಕೊಂಡಿದ್ದೇನೆ!